ನಮ್ಮ ಗಾಡಿ ಅಂದ ತಪ್ಪಿಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಗಾಂಜಾ ಕೇಸಿನೊಳಗೆ ನನ್ನನ್ನು ತುರುಕಿದ್ದು ನನ್ನದೇ ಬಾಯಿ. ಇವತ್ತು ಬೆಳಿಗ್ಗೆ ತರಕಾರಿಯವನು ಗಂಧರಾಜ ನಿಂಬೆಯೊಂದನ್ನು ಉಗುರಿನಿಂದ ಗೀರಿ ನನ್ನ ಮೂಗಿನ ಹತ್ತಿರ ಹಿಡಿದ. ಆ ವಾಸನೆಗೆ ವಕೀಲಮ್ಮ ನೆನಪಾದರು… ಧಾರವಾಡದಿಂದ ಮದುವೆಯಾಗಿ ಕೋಲ್ಕತ್ತಕ್ಕೆ ಬಂದು ಇಲ್ಲಿಯೇ ಕರಿಕೋಟು ತೊಟ್ಟವರು. ಸದರ್ನ್ ಅವೆನ್ಯೂವಿನ ಅವರ ಮನೆಯಲ್ಲಿ ಮೊಸರನ್ನಕ್ಕೂ ಅದೇ ನಿಂಬೆ, ಕೋರ್ಟಿನ ಚೀಲದಲ್ಲೂ ಅದರದೇ ಎಲೆ.

ಸಿಕ್ಕವರ ದನಿ ಕದಿಯುವುದು ನನ್ನ ಚಟ. ಆಫೀಸಿನಲ್ಲಿ ಮ್ಯಾನೇಜರು, ಬಾಡಿಗೆ ಮನೆಯ ಓನರ್ ದಾದಾ, ಕನ್ನಡಿಯ ಮುಂದೆ ಕನ್ನಡಿಯೊಳಗಿನ ಕೋತಿ, ಯಾರನ್ನೂ ಬಿಟ್ಟವನಲ್ಲ. ಆ ಸಂಜೆ ಡಮ್ ಡಮ್ ಸ್ಟೇಷನ್ನಿನ ಹೊರಗೆ ಹಳದಿ ಟ್ಯಾಕ್ಸಿ ಹತ್ತಿದೆ. ಬಿಹಾರಿ ಡ್ರೈವರ್ ಮೀಟರ್ ಹಾಕಲ್ಲ ಅಂದ. ನಾನು ಅವನದೇ ರಾಗದ ಹಿಂದಿಯಲ್ಲಿ ಅವನ ಊರು, ಎಮ್ಮೆ, ಮಾವನ ಮನೆ ಎಲ್ಲ ವಿಚಾರಿಸಿದೆ. ನಕ್ಕು ಮೀಟರ್ ಹಾಕಿದ. ನನ್ನ ಕಲೆಗೆ ಸಿಕ್ಕ ಮೊದಲ ಪ್ರಶಸ್ತಿ ಎಂದು ಬೀಗಿ ಕೂತೆ.

ಎಸ್ಪ್ಲನೇಡ್ ದಾಟುವಾಗ ಪೊಲೀಸರು ಕೈ ಅಡ್ಡ ಹಾಕಿದರು. ಗಾಡಿ ಯಾರದು ಎಂದು ಇನ್ಸ್‌ಪೆಕ್ಟರ್ ಬಗ್ಗಿ ಕೇಳಿದ. ಡ್ರೈವರ್ ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನಿಂದ ಅವನ ದನಿಯಲ್ಲಿ ನಾನೇ ಹೇಳಿದೆ, "ನಮ್ಮದೇ ಗಾಡಿ, ಸಾಹೇಬ್."

ಯಾರೂ ನಗಲಿಲ್ಲ. ಡಿಕ್ಕಿ ತೆರೆಸಿದರು. ಸ್ಟೆಪ್ನಿಯ ಪಕ್ಕದಲ್ಲಿ ಗಾಂಜಾ ತುಂಬಿದ ಚೀಲವಿತ್ತು…

ಲಾಕಪ್ಪಿಗೆ ವಕೀಲಮ್ಮನನ್ನು ಕರೆತಂದದ್ದು ಆಫೀಸಿನ ಗೆಳೆಯ. ಜಾಮೀನು ಸಿಗದಿದ್ದರೆ ವಿಚಾರಣೆ ಮುಗಿಯುವವರೆಗೆ ಜೈಲು, ಅದು ವರ್ಷಗಟ್ಟಲೆ ಆಗಬಹುದು ಎಂದು ಸುತ್ತಿಬಳಸದೆ ಹೇಳಿದರು. ಎಲ್ಲಿ ಕೂತಿದ್ದೆ, ಡಿಕ್ಕಿ ತೆರೆದವರು ಯಾರು ಎಂದೆಲ್ಲ ಕೇಳಿದರು. ಮೀಟರ್ ಹಾಕಿದ್ದನೇ ಎಂದೂ ಕೇಳಿದರು. ಪ್ರಾಣಸಂಕಟದಲ್ಲೂ ಟ್ಯಾಕ್ಸಿ ಬಾಡಿಗೆಯ ಚಿಂತೆ, ಹುಬ್ಬಳ್ಳಿ-ಧಾರವಾಡದ ಲೆಕ್ಕಾಚಾರ ಅಂದುಕೊಂಡೆ. ಹೊರಡುವಾಗ ಕಂಬಿಯ ಆಚೆಯಿಂದ ಬೆರಳು ತೋರಿಸಿದರು.

"ತಮ್ಮಾ, ಇನ್ನ ಮ್ಯಾಲೆ ನಿನ್ನ ಬಾಯಿ ನಂದು. ನಾ ಹೇಳೂತನಕ ತಗೀಬ್ಯಾಡ."

ಕೋರ್ಟಿನಲ್ಲಿ ತೆಗೆಯಲಿಲ್ಲ. ಸರ್ಕಾರಿ ವಕೀಲರು ಪ್ರತಿ ಮಾತಿಗೆ ಮೊದಲು ಒಂದು ವಿಶಿಷ್ಟ ಕೆಮ್ಮು ಕೆಮ್ಮುತ್ತಿದ್ದರು. ಆ ಕೆಮ್ಮು ನನ್ನ ಗಂಟಲಿಗೂ ಬಂದು ಕೂತಿತ್ತು. ಹಲ್ಲು ಕಚ್ಚಿ ನುಂಗಿದೆ. ವಕೀಲಮ್ಮ ಜಡ್ಜ್ ಮೂಲಕ ಕೇಳಿಸಿದ ಪ್ರಶ್ನೆಗಳಿಗೆ ಇನ್ಸ್‌ಪೆಕ್ಟರ್ ಉತ್ತರ ಕೊಟ್ಟ: ಡಿಕ್ಕಿಯ ಕೀ ಡ್ರೈವರನ ಜೇಬಿನಲ್ಲಿತ್ತು, ಹುಡುಗನ ಬ್ಯಾಗು ಅವನ ತೊಡೆಯ ಮೇಲಿತ್ತು, ಹೌದು, ಮೀಟರ್ ಓಡುತ್ತಿತ್ತು. ಅಷ್ಟಕ್ಕೇ ವಕೀಲಮ್ಮ ಕೂತುಬಿಟ್ಟರು.

ಸರ್ಕಾರಿ ವಕೀಲರು ಕೆಮ್ಮಿ ಎದ್ದರು. ಕೀ ಯಾರ ಜೇಬಿನಲ್ಲಾದರೂ ಇರಲಿ, ಇಬ್ಬರೂ ಪಾಲುದಾರರು, ಗಾಡಿ ನಮ್ಮದೇ ಎಂದು ಆರೋಪಿಯೇ ಪೊಲೀಸರ ಮುಂದೆ ಹೇಳಿದ್ದಾನೆ ಎಂದರು. ಜಡ್ಜ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಬೆಂಗಳೂರಿನಲ್ಲಿ ಅಮ್ಮ ಫೋನ್ ಹಿಡಿದು ಕೂತಿರುತ್ತಾಳೆ ಎಂಬುದೊಂದೇ ತಲೆಯಲ್ಲಿ. ವಕೀಲಮ್ಮ ನಿಧಾನಕ್ಕೆ ಎದ್ದು ಒಂದೇ ಮಾತು ಹೇಳಿದರು. ಜಡ್ಜ್ ಮೀಸೆಯಡಿ ನಕ್ಕು ಬರೆಯತೊಡಗಿದರು. ಅಂದೇ ಜಾಮೀನು ಸಿಕ್ಕಿತು, ಮುಂದೆ ಕೇಸಿನಿಂದ ಹೆಸರೂ ಹೋಯಿತು. ಎಮ್ಮೆಯ ಕಥೆ ಹೇಳಿದ ಆ ಡ್ರೈವರ್ ಏನಾದನೋ…

ಆಮೇಲೆ ಎಷ್ಟೋ ಭಾನುವಾರ ಅವರ ಮನೆಯಲ್ಲಿ ಮೊಸರನ್ನ ಉಂಡೆ. ಸರ್ಕಾರಿ ವಕೀಲರ ಕೆಮ್ಮನ್ನು ನನ್ನಿಂದ ಮತ್ತೆ ಮತ್ತೆ ಮಾಡಿಸಿ ಕಣ್ಣೀರು ಬರುವಷ್ಟು ನಗುತ್ತಿದ್ದರು. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ನಿಂಬೆ ಕೊಂಡು ಮನೆಗೆ ಬಂದೆ, ಕನ್ನಡಿಯ ಮುಂದೆ ನಿಂತೆ. ಕೆಮ್ಮು ಬಂತು, ಜಡ್ಜ್ ಬಂದರು, ಇನ್ಸ್‌ಪೆಕ್ಟರೂ ಬಂದ. ವಕೀಲಮ್ಮ ಮಾತ್ರ ಬರಲಿಲ್ಲ. ದನಿ ಹೋಗಿ ಮಾತಷ್ಟೇ ಉಳಿದಿದೆ. ಅಂದು ಬಂಗಾಳಿಯಲ್ಲಿ ಜಡ್ಜ್‌ಗೆ ಹೇಳಿದ್ದನ್ನೇ ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ನಮ್ಮಮ್ಮನಿಗೆ ತಮ್ಮ ಕನ್ನಡದಲ್ಲಿ ಹೇಳಿದ್ದರು:

"ಗಾಡಿ ಅವಂದ ಅಂತನ ಇಟ್ಕೊಳ್ರಿ. ತನ್ನ ಗಾಡಿಯೊಳಗ ಹೋಗಾಂವ ಮೀಟರ್ ಹಾಕಸ್ತಾನೇನ್ರೀ?"