ಕೌಸಲ್ಯಾಬಾಯಿಯ ಬಿಳಿ ಬೂಟು

ಕೌಸಲ್ಯಾಬಾಯಿಯ ಬಾಯಿಗೆ ಹೆದರದವರು ಸಾಯಗಾಂವದಲ್ಲಿ ಕಡಿಮೆ. ಭಾಲ್ಕಿ ತಾಲ್ಲೂಕಿನ ಆ ಊರಲ್ಲಿ ಹುಟ್ಟಿ, ಔರಾದಿನ ಕಾಶೀರಾಮನನ್ನು ಮದುವೆಯಾಗಿ ಹೋದವಳು. ಹೋದ ಮೇಲೆ ಅತ್ತೆಯ ಜೊತೆ ಜಗಳ, ಟ್ಯಾಂಕರ್ ನೀರು ಬಿಡುವವನ ಜೊತೆ ಜಗಳ, ಬಸ್ಸು ಹತ್ತಿದರೆ ಕಂಡಕ್ಟರನ ಜೊತೆ ಜಗಳ. "ನಾ ಜಗಳಾ ತಗ್ಯಾಂಗಿಲ್ಲ. ಮಂದಿ ತಗದದ್ದು ಮುಗಸ್ತೇನಿ, ಅಷ್ಟ" ಎನ್ನುತ್ತಿದ್ದಳು.

ಮಾಂಜ್ರಾ ನದಿಯ ತಳ ಒಣಗಿ ಬಿರುಕು ಬಿಟ್ಟ ವರ್ಷ ಗಂಡ ಹೆಂಡತಿ ಇಬ್ಬರೂ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದರು. ಔರಾದಿನಿಂದ ಹೊರಡುವ ಬಸ್ಸುಗಳ ಮೇಲೆ ಆಗ ಬರೀ ಹಾಸಿಗೆ ಸುರುಳಿ, ಕೊಡ, ಹಿಟ್ಟಿನ ಚೀಲ. ಕಾಶೀರಾಮ ಮಾತು ಕಡಿಮೆಯ ಮನುಷ್ಯ, ಸಿಮೆಂಟ್ ಕಲಸುತ್ತಿದ್ದ. ಕೌಸಲ್ಯಾಬಾಯಿ ಮೇಲಂತಸ್ತಿಗೆ ಇಟ್ಟಿಗೆ ಹೊರುತ್ತಿದ್ದಳು. ಒಂದು ದಿನ ಕಬ್ಬಿಣದ ಸರಳಿನ ಕಟ್ಟು ಜಾರಿ ಅವಳ ಎಡಗಾಲ ಮೇಲೆ ಬಿತ್ತು. ಸೈಟಿನ ಮೇಸ್ತ್ರಿ ಪಟ್ಟಿ ಕಟ್ಟಿಸಿ, "ಹವಾಯಿ ಚಪ್ಪಲಿ ಹಾಕ್ಕೊಂಡು ಬಂದ್ರ ಇನ್ನೇನ್ ಆಗ್ತದ?" ಎಂದು ತಪ್ಪನ್ನು ಅವಳ ಮೇಲೆಯೇ ಹಾಕಿದ. ಮುರಿದ ಬೆರಳುಗಳು ಅಡ್ಡಾದಿಡ್ಡಿ ಕೂಡಿಕೊಂಡವು. ಎಡಪಾದ ಬಲಪಾದಕ್ಕಿಂತ ಅಗಲವಾಗಿ, ಮೇಲೆ ಗಂಟು ಗಂಟಾಗಿ ಉಳಿಯಿತು. ಅಂದಿನಿಂದ ಯಾವ ಚಪ್ಪಲಿ ಹಾಕಿದರೂ ಪಟ್ಟಿ ಗಂಟಿಗೆ ಉಜ್ಜಿ ಹುಣ್ಣಾಗುತ್ತಿತ್ತು.

ಅದೇ ಸೈಟಿಗೆ ಇಂಜಿನಿಯರ್ ಹುಡುಗಿಯೊಬ್ಬಳು ಬರುತ್ತಿದ್ದಳು. ಕಾಲಲ್ಲಿ ಬಿಳಿ ಬೂಟು, ಮಗ್ಗುಲಿಗೆ ಕೆಂಪು ಪಟ್ಟಿ, ಕೆಳಗೆ ದಪ್ಪ ಮೆತ್ತೆ. ಜಲ್ಲಿಯ ಮೇಲೆ, ಕಬ್ಬಿಣದ ಮೇಲೆ, ಮೆಟ್ಟಿಲಿಲ್ಲದ ಇಳಿಜಾರಿನಲ್ಲಿ ಆಕೆ ದಿನವಿಡೀ ಓಡಾಡಿದರೂ ಒಮ್ಮೆಯೂ ಎಡವಲಿಲ್ಲ. ಕೌಸಲ್ಯಾಬಾಯಿ ಆಕೆಯ ಮುಖ ನೋಡಿದ್ದಕ್ಕಿಂತ ಕಾಲು ನೋಡಿದ್ದೇ ಹೆಚ್ಚು. ಅಂಥದ್ದೇ ತೊಗೋಬೇಕು ಎಂದು ಆಗಲೇ ತೀರ್ಮಾನಿಸಿದ್ದಳು.

ಮರುವರ್ಷ ಏಪ್ರಿಲ್‌ನಲ್ಲಿ, ಅಂಬೇಡ್ಕರ್ ಹುಟ್ಟಿದ ದಿನದ ಭೀಮ ಜಯಂತಿಗೆಂದು, ಕಾಶೀರಾಮನನ್ನು ಸೈಟಿನಲ್ಲೇ ಬಿಟ್ಟು ಊರಿಗೆ ಬಂದವಳು ಮೊದಲು ಬೀದರಿನಲ್ಲಿ ತಮ್ಮನ ಮನೆಯಲ್ಲಿ ಇಳಿದಳು. ತಮ್ಮ ಗೋರಖನಾಥ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅವನ ಹೆಂಡತಿ ಜಿಜಾಬಾಯಿ ಅತ್ತಿಗೆಯ ಕಾಲು ನೋಡಿದಳು, ಸವೆದ ಚಪ್ಪಲಿ ನೋಡಿದಳು, ನೀರು ಕೊಡುವ ಮೊದಲೇ ಹೇಳಿದಳು.

"ಅಕ್ಕಾ, ಜಯಂತಿಗಿ ಇವ್ರ ಆಫೀಸಿನವ್ರು ಎಲ್ಲಾ ಬರ್ತಾರ್ರಿ. ಹೀಂಗೇ ಬಂದ್ರ ಹ್ಯಾಂಗ್ರಿ?"

"ಹ್ಯಾಂಗಂದ್ರ? ಕಾಲು ಮನ್ಯಾಗ ಇಟ್ಟು ಬರ್ಲೇನು?"

ಗೋರಖನಾಥ ನಡುವೆ ಬಂದ. "ನಡಿ ಅಕ್ಕಾ, ಒಂದು ಚಲೋ ಚಪ್ಪಲಿ ಕೊಡಸ್ತೇನಿ."

"ಚಪ್ಪಲಿ ಬ್ಯಾಡ. ಬೂಟು ಬೇಕು. ರೊಕ್ಕಾ ನಂದೇ ಅದ. ನೀ ಅಂಗಡಿ ತೋರ್ಸು, ಸಾಕು."

ಅವನು ಸ್ಕೂಟರನ್ನು ಮಾಮೂಲಿ ಚಪ್ಪಲಿ ಅಂಗಡಿಯ ಮುಂದೆ ನಿಲ್ಲಿಸಿದ. ಕೌಸಲ್ಯಾಬಾಯಿ ಇಳಿದು, ಅದನ್ನು ದಾಟಿ, ಮುಂದಿನ ಗಾಜಿನ ಬಾಗಿಲಿನ ಅಂಗಡಿಗೆ ನುಗ್ಗಿದಳು. ಒಳಗೆ ತಣ್ಣನೆ ಗಾಳಿ. ಗೋಡೆಯ ತುಂಬ ಒಂಟಿ ಒಂಟಿ ಬೂಟು, ಪ್ರತಿಯೊಂದಕ್ಕೂ ಮೇಲಿನಿಂದ ದೀಪ. ಮಾಲೀಕ ವೈಜಿನಾಥ ಸೇಠ ಕುರ್ಚಿಯಿಂದ ಏಳಲಿಲ್ಲ.

"ಏನ್ ಬೇಕಾಗಿತ್ತು?"

"ಬಿಳೀದು. ಕೆಂಪು ಪಟ್ಟಿದು. ನನಗ."

"ಅವು ಡಿಸೈನರ್ ಮಾಲು. ನಿಮ್ಮಂಥವ್ರಿಗಿ ಬಾಜೂ ಅಂಗಡ್ಯಾಗ ಸಿಗ್ತಾವ."

"ನಮ್ಮಂಥವ್ರು ಅಂದ್ರ ಯಾರ್ರಿ? ಸ್ವಲ್ಪ ಬಿಡಿಸಿ ಹೇಳ್ರಿ, ಕೇಳ್ತೇನಿ."

 ಸೇಠ ಅಂಗಡಿ ಕೆಲಸದ ಮಕ್ಸೂದನಿಗೆ ಕೈಸನ್ನೆ ಮಾಡಿದ. ಮಕ್ಸೂದ ಐದನೇ ನಂಬರಿನ ಡಬ್ಬಿ ತಂದಿಟ್ಟ. ಬಲಗಾಲು ಹೇಳಿ ಮಾಡಿಸಿದಂತೆ ಕೂತಿತು. ಎಡಗಾಲು ಅರ್ಧಕ್ಕೇ ನಿಂತಿತು. ಆರನೆಯದು ತಂದ. ಎಡಗಾಲು ಒಳಗೆ ಹೋಯಿತು, ಆದರೆ ಗಂಟಿನ ಮೇಲೆ ಬಿಗಿದು ಅವಳ ಹಣೆಯಲ್ಲಿ ಬೆವರು ಒಡೆಯಿತು.

"ಹಾಕ್ಕೋತ ಹಾಕ್ಕೋತ ಸಡಿಲ ಆಗ್ತದ" ಎಂದ ಸೇಠ.

"ಬೂಟು ಸಡಿಲ ಆಗೂತನಕ ಕಾಲು ಉಳೀಬೇಕಲ್ರಿ. ಬಲಗಾಲಿಗಿ ಐದು ಕೊಡ್ರಿ, ಎಡಗಾಲಿಗಿ ಏಳು."

"ಜೋಡಿ ಒಡಿಯಾಂಗಿಲ್ಲ. ಉಳದದ್ದು ಯಾರ ಕಾಲಿಗಿ ಹಾಕ್ಲಿ?"

ಗೋರಖನಾಥ ಕಿವಿಯ ಬಳಿ ಬಾಗಿದ. "ಅಕ್ಕಾ, ಮರ್ಯಾದಿ ತೆಗಿಬ್ಯಾಡ. ನಡಿ." ಅಷ್ಟರಲ್ಲಿ ಗಾಜಿನ ಬಾಗಿಲು ತೆರೆದು ಅವನ ಕಚೇರಿಯ ಸಹೋದ್ಯೋಗಿಯೊಬ್ಬ ಹೆಂಡತಿಯ ಜೊತೆ ಒಳಬಂದ. "ಅರೆ, ಗೋರಖನಾಥ ಅವ್ರು! ಇವ್ರು ಯಾರ್ರಿ?" ಎಂದ.

ಗೋರಖನಾಥ ಗೋಡೆಯ ಬೂಟುಗಳ ಕಡೆ ನೋಡುತ್ತ, "ನಮ್ಮ ಊರಿನವ್ರು" ಎಂದ.

ಕೌಸಲ್ಯಾಬಾಯಿ ಬೂಟಿನ ದಾರ ಬಿಚ್ಚುತ್ತಿದ್ದಳು. ಕೈ ನಿಂತಿತು. ಸರಳು ಬಿದ್ದ ದಿನವೂ ಅವಳಿಗೆ ಇಷ್ಟು ಉರಿದಿರಲಿಲ್ಲ. ತಲೆ ಎತ್ತಿ ಆ ಸಹೋದ್ಯೋಗಿಗೇ ಹೇಳಿದಳು.

"ಹೌದ್ರಿ, ಊರವ್ಳೇ. ಇವ್ರ ಅವ್ವನ ಹೊಟ್ಟ್ಯಾಗ ಇವ್ರಕಿಂತ ಮೊದಲ ನಾ ಇದ್ದೆ. ಅಷ್ಟ ಪರಿಚಯ."

ಸಹೋದ್ಯೋಗಿಯ ಹೆಂಡತಿ ಬಾಯಿಗೆ ಸೆರಗು ಇಟ್ಟುಕೊಂಡಳು. ಗೋರಖನಾಥನ ಕಿವಿ ಕೆಂಪಗಾದವು. ಸರಕ್ಕನೆ ಹೊರಗೆ ಹೋದ. ಸ್ಕೂಟರ್ ಶುರುವಾದ ಸದ್ದು ಒಳಗಿನವರಿಗೂ ಕೇಳಿತು.

"ಈಗರ ನಡೀರಿ ಬಾಯಿ" ಎಂದ ಸೇಠ, "ಬ್ಯಾರೆ ಗಿರಾಕಿ ಬಂದಾರ."

"ನಾನೂ ಗಿರಾಕಿನೇ." ಅವಳು ಎದುರು ಗೋಡೆಗೆ ಬೆರಳು ಮಾಡಿದಳು. "ಆ ಮಾಲು ತಗೀರಿ."

"ಅವು ಗಂಡಸರವು."

"ನನ್ನ ಕಾಲಿಗಿ ಅದು ಗೊತ್ತಾಗಾಂಗಿಲ್ಲ. ತಗೀರಿ."

ಮಕ್ಸೂದ ಸೇಠನ ಮುಖ ನೋಡಿದ, ಸೇಠ ಬೇರೆ ಕಡೆ ನೋಡಿದ. ಡಬ್ಬಿ ಬಂತು. ಅದೇ ಬಿಳಿ, ಅದೇ ಕೆಂಪು ಪಟ್ಟಿ, ಮುಂಭಾಗ ಮಾತ್ರ ಅಗಲ. ಕೌಸಲ್ಯಾಬಾಯಿ ದಾರವನ್ನು ಕೆಳಗಿನ ತೂತಿನವರೆಗೂ ಸಡಿಲಿಸಿ ಎಡಗಾಲು ಇಳಿಸಿದಳು. ಗಂಟು ಎಲ್ಲಿಯೂ ತಾಗಲಿಲ್ಲ. ಒಳಗೆ ಬೆರಳು ಆಡಿಸಿ ನೋಡಿದಳು, ಆಡಿದವು. ಬಲಗಾಲ ಹಿಮ್ಮಡಿ ಮಾತ್ರ ಎದ್ದೆದ್ದು ಬರುತ್ತಿತ್ತು. ಸಾಕ್ಸ್ ಕೇಳಿದಳು, ಬಲಗಾಲಿಗೆ ಒಂದರ ಮೇಲೊಂದು ಹಾಕಿದಳು, ದಾರ ಬಿಗಿದಳು. ಹಿಮ್ಮಡಿ ನಿಂತಿತು.

ಅಷ್ಟಕ್ಕೇ ಬಿಡಲಿಲ್ಲ. ಅಂಗಡಿಯ ಉದ್ದಕ್ಕೂ ನಡೆದಳು. ಮೇಲಿನ ಮಹಡಿಯ ಮೆಟ್ಟಿಲು ಹತ್ತಿದಳು, ಇಳಿದಳು. ತುದಿಗಾಲಲ್ಲಿ ನಿಂತಳು. ತಲೆಯ ಮೇಲೆ ಇಟ್ಟಿಗೆ ಇದ್ದ ಹಾಗೆ ಕತ್ತು ನೆಟ್ಟಗೆ ಮಾಡಿ ಮತ್ತೆ ಮೆಟ್ಟಿಲು ಹತ್ತಿದಳು. ಸೇಠ ಹಲ್ಲು ಕಡಿದ. "ಏನ್ ಮೆರವಣಿಗಿ ನಡಸೀರೇನ್ರಿ ಬಾಯಿ, ನಮ್ಮ ಅಂಗಡ್ಯಾಗ?"

"ಮೆರವಣಿಗಿ ಸಲುವಾಗೇ ತೊಗೊಳ್ಳಾಕತ್ತೀನಿ. ನಿಮ್ಮ ಅಂಗಡ್ಯಾಗ ಕಚ್ಚಿದ್ರ ಚಲೋ, ಅಲ್ಲಿ ಕಚ್ಚೂದಕಿಂತ."

ಕಚ್ಚಲಿಲ್ಲ. ಹಣ ಕೊಟ್ಟು, ಬೂಟು ಹಾಕಿಕೊಂಡೇ ಹೊರಬಂದಳು. ಹಳೇ ಚಪ್ಪಲಿ ಅಲ್ಲೇ ಬೆಂಚಿನ ಕೆಳಗೆ ಬಿದ್ದಿದ್ದವು. ಸೇಠ ಕೂಗಿ ಕರೆದರೂ ಹಿಂದಿರುಗಿ ನೋಡಲಿಲ್ಲ.

ತಮ್ಮನ ಮನೆಗೆ ಹೋದದ್ದು ಚೀಲ ತರಲು ಮಾತ್ರ. ಜಿಜಾಬಾಯಿ ಬಾಗಿಲಲ್ಲೇ ನಿಂತಿದ್ದಳು. "ಮಂದಿ ಮುಂದ ಇವ್ರ ಮಾನ ಕಳದ್ರಿ."

"ಮಾನ ಇದ್ರ ಅಲ್ಲೇನವ್ವಾ ಕಳಿಯೂದು?" ಎಂದು ಕೌಸಲ್ಯಾಬಾಯಿ ಚೀಲ ಎತ್ತಿಕೊಂಡಳು. ಗೋರಖನಾಥ ಒಳಗಿನ ಕೋಣೆಯಲ್ಲಿದ್ದ. ಹೊರಗೆ ಬರಲಿಲ್ಲ. ಅವಳೂ ಕರೆಯಲಿಲ್ಲ.

ಜಯಂತಿಯ ದಿನ ಅವಳು ಬೀದರಿನಲ್ಲಿ ಇರಲಿಲ್ಲ. ಸಾಯಗಾಂವದ ಹೆಂಗಸರ ಜೊತೆ ಭಾಲ್ಕಿಯ ಮೆರವಣಿಗೆಯಲ್ಲಿ ನಡೆದಳು. ಬಿಳಿ ಸೀರೆ, ಕೆಳಗೆ ಬಿಳಿ ಬೂಟು. ಕುಡಿಯುವ ನೀರಿಗೂ ಸಾಲು ನಿಲ್ಲುವ ಕಾಲ, ಡಾಂಬರು ಮೆತ್ತಗಾಗುವ ಬಿಸಿಲು. ಕೆಲವರು ನಕ್ಕರು. ತವರಿನ ಪಕ್ಕದ ಮನೆಯ ಅಂಜನಾಬಾಯಿ, "ಏನವ್ವಾ, ಬರಗಾಲದಾಗ ಬೂಟು!" ಎಂದಳು. "ಬರಗಾಲ ಹೊಲಕ್ಕ ಬಂದದ, ನನ್ನ ಕಾಲಿಗಲ್ಲ" ಎಂದು ಕೌಸಲ್ಯಾಬಾಯಿ ನಡೆದೇ ನಡೆದಳು. ಗಾಯವಾದ ಮೇಲೆ ಅಷ್ಟು ದೂರ ಎಲ್ಲಿಯೂ ಕೂರದೆ ನಡೆದದ್ದು ಅದೇ ಮೊದಲು. ಕೊನೆಯಲ್ಲಿ ಕಣ್ಣು ತುಂಬಿ ಬಂತು. ಯಾರಿಗೂ ಕಾಣದಂತೆ ಸೆರಗಿನಿಂದ ಒರೆಸಿ, ಘೋಷಣೆ ಕೂಗಿದಳು.

ವಾರದೊಳಗೆ ಮತ್ತೆ ಹೈದರಾಬಾದು. ಮೇಸ್ತ್ರಿ ಅವಳ ಕಾಲು ನೋಡಿ, "ಓಹೋ, ಮೇಡಮ್ ಬಂದ್ರು" ಎಂದ. ಕೌಸಲ್ಯಾಬಾಯಿ ಆ ವಾರವೇ ಕಬ್ಬಿಣ ಹೊರುವ ಹೆಂಗಸರನ್ನೆಲ್ಲ ಕೂಡಿಸಿ, ಬೂಟು ಕೊಡದಿದ್ದರೆ ಸರಳು ಮುಟ್ಟುವುದಿಲ್ಲ ಎಂದು ಕೂತಳು. ಕೊನೆಗೆ ಗುತ್ತಿಗೆದಾರ ಒಂದು ಮೂಟೆ ಗಂಬೂಟು ಕಳಿಸಿದ. ಎಲ್ಲವೂ ಒಂದೇ ಅಳತೆಯವು, ದೊಡ್ಡ ಗಂಡಸಿನವು. ಹೆಂಗಸರು ಬಟ್ಟೆ ತುರುಕಿಕೊಂಡು ಹಾಕೋಣ ಎಂದರು. ಕೌಸಲ್ಯಾಬಾಯಿ ಒಪ್ಪಲಿಲ್ಲ. ಮೂಟೆಯನ್ನು ಎಳೆದುಕೊಂಡು ಹೋಗಿ ಗುತ್ತಿಗೆದಾರನ ಮೇಜಿನ ಮುಂದೆ ಸುರಿದಳು.

"ಮೊದಲ ನಮ್ಮ ಕಾಲು ನೋಡ್ರಿ, ಆಮ್ಯಾಲ ಬೂಟು ತರ್ರಿ."

ಅಂದು ಸಂಜೆಯೇ ಗಂಡ ಹೆಂಡತಿ ಇಬ್ಬರನ್ನೂ ಸೈಟಿನಿಂದ ಹೊರಗೆ ಹಾಕಿದರು. ಕಾಶೀರಾಮ ಹಾಸಿಗೆ ಸುತ್ತುತ್ತ ಮೊದಲ ಬಾರಿಗೆ ಹೆಂಡತಿಯ ಮೇಲೆ ರೇಗಿದ. ಅವಳು ಕೊಡವನ್ನು ಸೊಂಟಕ್ಕೇರಿಸಿ, ಕೆಲಸ ಕೇಳಲು ಪಕ್ಕದ ರಸ್ತೆಯ ಅರ್ಧ ಎದ್ದ ಕಟ್ಟಡದ ಕಡೆ ನಡೆದಳು. ಕಾಶೀರಾಮ ಹಿಂದೆಯೇ ಗೊಣಗುತ್ತ ಬಂದ. ಆ ಕಟ್ಟಡದ ಮೇಸ್ತ್ರಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಜಗಳಗಂಟಿ ಇದ್ದಾಂಗ ಕಾಣ್ತಿ" ಎಂದ. "ಹೌದ್ರಿ" ಎಂದಳು ಕೌಸಲ್ಯಾಬಾಯಿ, "ಕೆಲಸ ಅದನೋ ಇಲ್ಲೋ ಹೇಳ್ರಿ."