ಅಕ್ಕನ ಹೆಸರಿನ ನುಸಿ

ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಾದ ನುಸಿಗಳ ಬಾಳು, ವಂಶ, ವಿಕಾಸಗಳನ್ನು ಮೂವತ್ತಾರು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಅರಿತವರು, ಹಲವು ಹೊಸ ಪ್ರಭೇದಗಳಿಗೆ ಹೆಸರಿಟ್ಟು ಈ ಶಾಸ್ತ್ರಕ್ಕೆ ತಳಪಾಯ ಹಾಕಿದವರು ನಮ್ಮ ಪೂಜ್ಯ ಪ್ರಾಧ್ಯಾಪಕರು. ಬೆನ್ನ ಹಿಂದೆ ಎಲ್ಲರೂ ‘ನುಸಿ ಮೇಷ್ಟ್ರು’ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಅವರ ನಿವೃತ್ತಿಯ ಈ ಹೊತ್ತಿನಲ್ಲಿ, ಅಭಿನಂದನ ಗ್ರಂಥಕ್ಕಾಗಿ ಇದನ್ನು ಬರೆಯುತ್ತಿರುವ ಶಿಷ್ಯೆಗೆ ಒಂದು ಆಘಾತದಿಂದ ಚೇತರಿಸಿಕೊಳ್ಳಲು ಇನ್ನೂ ಆಗಿಲ್ಲ.

ಸಂಶೋಧನೆಗೆ ಸೇರಿದ ಹೊಸದರಲ್ಲಿ ಅವಳ ಕೈ ವಿಪರೀತ ನಡುಗುತ್ತಿತ್ತು. ಗಾಜಿನ ಮೇಲಿಡಬೇಕಾದ ನುಸಿ ಎಲ್ಲೋ ಸಿಡಿದುಹೋಗುತ್ತಿತ್ತು. ಗುರುಗಳು ಗದರಲಿಲ್ಲ, ನುಸಿ ಎತ್ತುವ, ಮೂರೇ ಕೂದಲಿನ ತಮ್ಮ ಕುಂಚವನ್ನೇ ಕೊಟ್ಟರು. ‘ಹೆಸರಿಡೋ ಮುಂಚೆ ನೂರು ಸಲ ನೋಡು, ಇಟ್ಟ ಮೇಲೆ ಸಾವಿರ ಸಲ ಅನುಮಾನಪಡು’ ಎಂಬುದು ಅವರ ನಿತ್ಯದ ಮಾತಾಗಿತ್ತು.

ಅವರು ಹೆಸರಿಟ್ಟವುಗಳಲ್ಲಿ ಒಂದು ದುಂಡನೆಯ ನುಸಿ, ಆಮೇಲೆ ಸಿಕ್ಕ ಇನ್ನೊಂದು ಸಣಕಲು. ಎರಡನೆಯದಕ್ಕೆ, ಹೊಲಿಗೆ ಯಂತ್ರ ತುಳಿದು ತಮ್ಮನ್ನು ಓದಿಸಿ ತೀರಿಕೊಂಡ ಅಕ್ಕನ ಹೆಸರಿಟ್ಟಿದ್ದರು. ಸಣಕಲಿನಲ್ಲಿ ಸಿಕ್ಕವೆಲ್ಲ ಗಂಡುಗಳೇ. ಹೆಣ್ಣಿಗಾಗಿ ಅವರ ಹುಡುಕಾಟ ನಿಂತಿರಲಿಲ್ಲ. ಶಿಷ್ಯೆ ತನ್ನ ಪ್ರಬಂಧಕ್ಕಾಗಿ, ಗಂಡಿನ ಸಂಗ ಕಾಣದ ಒಂದು ದುಂಡು ನುಸಿಯನ್ನು ಎಲೆಯ ಚೂರಿನ ಮೇಲೆ ಒಂಟಿಯಾಗಿ ಸಾಕಿದಳು. ಅಂಥ ತಾಯಿಯ ಮೊಟ್ಟೆಗಳಿಂದ ಗಂಡುಗಳಷ್ಟೇ ಹುಟ್ಟುವುದು ಅವುಗಳ ಕ್ರಮ. ಹುಟ್ಟಿದವು. ಬೆಳೆದವು. ಅಯ್ಯೋ ದೇವರೇ, ಅಷ್ಟೂ ಸಣಕಲು!

ಡಿಎನ್‌ಎ ಪರೀಕ್ಷೆಯೂ ಅದನ್ನೇ ಹೇಳಿತು: ಎರಡೂ ಒಂದೇ ಪ್ರಭೇದ. ಮೊದಲಿಟ್ಟ ಹೆಸರು ಉಳಿಯಬೇಕು, ಆಮೇಲಿನದು ಅಳಿಯಬೇಕು ಎಂಬುದು ಶಾಸ್ತ್ರದ ನಿಯಮ. ಅಳಿಯಬೇಕಾದದ್ದು ಅಕ್ಕನ ಹೆಸರು. ಹನ್ನೊಂದು ದಿನ ಅವಳು ಬಾಯಿ ಬಿಡಲಿಲ್ಲ.

‘ಯಾಕಮ್ಮ, ಮುಖ ಸಪ್ಪಗಿದೆ?’ ಎಂದು ಗುರುಗಳೇ ಕೇಳಿದಾಗ ಎಲೆಚೂರನ್ನು ಅವರ ಮುಂದಿಟ್ಟಳು. ಅವರು ನೋಡಿದರು. ಸೂಕ್ಷ್ಮದರ್ಶಕದಡಿ ಎಲೆ ತಿರುಗಿಸಿ ಮತ್ತೊಮ್ಮೆ ನೋಡಿದರು.

‘ಇನ್ನೊಂದ್ಸಲ ಮಾಡು.’

ಮಾಡಿದಳು. ಫಲಿತಾಂಶ ಬದಲಾಗಲಿಲ್ಲ. ಗುರುಗಳು ನಗತೊಡಗಿದರು, ಕಣ್ಣಲ್ಲಿ ನೀರು. ‘ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತಲ್ಲಮ್ಮ! ಇಪ್ಪತ್ತು ವರ್ಷ ಈ ಗಂಡಿಗೆ ಹೆಣ್ಣು ಹುಡುಕಿದೆ. ಪಕ್ಕದ ಪೆಟ್ಟಿಗೇಲೇ ಇದ್ದಳು!’

‘ಸರ್, ಈ ಭಾಗ ಪ್ರಬಂಧದಿಂದ ಬಿಟ್ಬಿಡ್ತೀನಿ.’

ಅವರು ಮೇಜು ಕುಟ್ಟಿದ್ದನ್ನು ಅವಳು ಕಂಡದ್ದು ಅದೊಂದೇ ಸಲ. ‘ಬಿಡ್ತೀಯಾ? ಸುಳ್ಳಿಗೆ ನನ್ನ ಹೆಸರಿಟ್ಟೆಯಾ ಅಂತ ಅಕ್ಕ ಇದ್ದಿದ್ರೆ ಕಿವಿ ಹಿಂಡ್ತಿದ್ಲು. ಬರಿ. ನಿನ್ನೊಬ್ಬಳ ಹೆಸರಲ್ಲೇ ಬರಿ.’

ಬರೆದಳು. ಪ್ರಕಟವಾಯಿತು. ಆ ಮಾತು ಅಲ್ಲಿಗೆ ಮುಗಿಯಿತೆಂದುಕೊಂಡಿದ್ದಳು. ಕಳೆದ ವಾರ ಈ ಗ್ರಂಥದ ಕರಡು ಅವರ ಕೈಸೇರಿ ಮರಳಿ ಬಂತು. ‘ಕಂಡುಹಿಡಿದ ಪ್ರಭೇದಗಳು: ನಲವತ್ತೊಂದು’ ಎಂದಿದ್ದುದನ್ನು ಹೊಡೆದು ‘ನಲವತ್ತು’ ಮಾಡಿದ್ದರು. ಅಂಚಿನಲ್ಲಿ ಅವರದೇ ಅಕ್ಷರ: ‘ತಿದ್ದಿದವಳು ನನ್ನ ಶಿಷ್ಯೆ. ಈಗ ಅವಳ ಕೈ ನಡುಗುವುದಿಲ್ಲ.’

ಗುರುಗಳು ನೂರ್ಕಾಲ ಬಾಳಲಿ. ಉಳಿದ ನಲವತ್ತನ್ನೂ ದಿನವೂ ಅನುಮಾನಿಸುವಷ್ಟು ಕಣ್ಣು, ಕಸುವು ಅವರಿಗಿರಲಿ. ಆದರೆ ಅಂಚಿನ ಆ ಮಾತನ್ನು ಮಾತ್ರ ಶಿಷ್ಯೆ ಮತ್ತೆ ತಿದ್ದಲೇಬೇಕಾಗಿದೆ: ಇದನ್ನು ಬರೆಯುವಾಗ ಅವಳ ಕೈ ನಡುಗುತ್ತಿದೆ.