ಹನ್ನೆರಡನೆಯ ಕುರ್ಚಿ

ಶಾಲೆ ತೆರೆಯುವ ದಿನ ಬೆಳಿಗ್ಗೆ ಗೇಟಿನ ಎದುರು ಒಂದು ಬೂದುಗುಂಬಳಕಾಯಿ ಒಡೆದು ಬಿದ್ದಿತ್ತು. ಒಳಗೆಲ್ಲ ಕೆಂಪು. ಕುಂಕುಮದ ನೀರು ಹರಿದು ನಮ್ಮ ಮೆಟ್ಟಿಲಿನ ತನಕ ಬಂದಿತ್ತು. ಪಕ್ಕದಲ್ಲಿ ಎರಡು ಹೋಳು ಮಾಡಿದ ನಿಂಬೆಹಣ್ಣು. ಕರಾವಳಿಯಲ್ಲಿ ಹುಟ್ಟಿ ಬೆಳೆದ ನಾನು ಬೂದುಗುಂಬಳಕಾಯಿಯನ್ನು ಕಂಡದ್ದು ಸಾಂಬಾರಿನ ಪಾತ್ರೆಯಲ್ಲಿ ಮಾತ್ರ. ಶಿಲುಬೆಯ ಗುರುತಿದ್ದ ಬೋರ್ಡನ್ನು ಗೇಟಿಗೆ ಹಾಕಿ ಆಗಷ್ಟೇ ಮೂರು ದಿನವಾಗಿತ್ತು. ಇದು ನಮಗೆಂದೇ ಮಾಡಿದ್ದು ಎಂದುಕೊಂಡೆ.

ಹೆದರಿಕೆಗಿಂತ ಹೆಚ್ಚು ಸಿಟ್ಟು ಬಂತು. ಪೊರಕೆ ತಂದು ಎಲ್ಲವನ್ನೂ ಗುಡಿಸಿ, ಎರಡು ಬಕೆಟ್ ನೀರು ಸುರಿದು, ಫಿನಾಯಿಲ್ ಹಾಕಿ ತೊಳೆದೆ. ಆಮೇಲೆ ಹೊಸ ಸೀರೆ ಉಟ್ಟು ಒಳಗೆ ಹೋಗಿ ಕೂತೆ. ಹನ್ನೆರಡು ಪುಟ್ಟ ಕುರ್ಚಿಗಳು ನನ್ನ ಎದುರಿಗಿದ್ದವು. ಹೆಸರು ಬರೆಸುತ್ತೇವೆ ಎಂದು ಹೇಳಿಹೋಗಿದ್ದವರು ಒಂಬತ್ತು ಮನೆಯವರು. ಹನ್ನೊಂದು ಗಂಟೆಯಾದರೂ ಒಂದು ಮಗುವೂ ಬರಲಿಲ್ಲ.

ಊರಿನಲ್ಲಿ ಕೂತು ಇದನ್ನು ಓದುವ ನಿಮಗೆ ನಮ್ಮ ಹಂಚಿನ ಮಾಡಿನ ಶಾಲೆಯ ಕಥೆ ಗೊತ್ತೇ ಇದೆ. ನನ್ನ ಅಜ್ಜ ಅಲ್ಲಿ ಓದಿದವರು. ನಾನು ಹನ್ನೊಂದು ವರ್ಷ ಅಲ್ಲಿ ಪಾಠ ಮಾಡಿದೆ. ಆಟದ ಬಯಲು, ಬಾವಿ, ಮಾವಿನ ಮರ, ಎಲ್ಲ ಇತ್ತು, ಮಕ್ಕಳನ್ನು ಬಿಟ್ಟು. ಕೊನೆಯ ವರ್ಷ ಉಳಿದದ್ದು ಮೂರೇ ಮಕ್ಕಳು, ಅದರಲ್ಲಿ ಇಬ್ಬರು ಅಣ್ಣತಮ್ಮ. ಉಳಿದವರೆಲ್ಲ ಹಳದಿ ಬಸ್ಸು ಹತ್ತಿ ಪೇಟೆಯ ಇಂಗ್ಲಿಷ್ ಶಾಲೆಗೆ ಹೋದರು. ಬಾಗಿಲಿಗೆ ಬೀಗ ಹಾಕಿದವಳು ನಾನೇ.

ಗಂಡನಿಗೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸವಾದ್ದರಿಂದ ಲಗ್ಗೆರೆಗೆ ಬಂದೆವು. ಇಲ್ಲಿ ಎಲ್ಲವೂ ತಿರುಗುಮುರುಗು. ಅಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಕೂಗಿದರೆ ಕೇಳುವುದು ಕಷ್ಟ. ಇಲ್ಲಿ ಪಕ್ಕದ ಮನೆಯ ಕುಕ್ಕರ್ ಕೂಗಿದರೆ ನಾನು ಎದ್ದು ಒಲೆ ಆರಿಸುತ್ತಿದ್ದೆ. ಅಂಗಳವೇ ಇಲ್ಲ, ಮೆಟ್ಟಿಲು ಇಳಿದರೆ ರಸ್ತೆ. ಅಂಗಡಿಯವನಿಗೆ 'ಕುಚ್ಚಲಕ್ಕಿ' ಎಂದರೆ ಇಡ್ಲಿ ಅಕ್ಕಿ ತೂಗಿ ಕೊಡುತ್ತಿದ್ದ. ಮೊದಲ ತಿಂಗಳು ಮಧ್ಯಾಹ್ನದ ಹೊತ್ತು ಮಾತನಾಡಲು ಜನವಿಲ್ಲದೆ ಸುಮ್ಮನೆ ಅಳುತ್ತಿದ್ದೆ.

ಆದರೆ ಮಕ್ಕಳು! ಮೆಟ್ಟಿಲ ಮೇಲೆ, ನಿಂತ ಆಟೋಗಳ ಒಳಗೆ, ಎಲ್ಲೆಲ್ಲೂ ಮಕ್ಕಳು. ತಾಯಂದಿರು ಬೆಳಿಗ್ಗೆ ಎಂಟೂವರೆಗೆ 'ಗಾರ್ಮೆಂಟ್ಸ್' ಬಸ್ಸು ಹತ್ತುತ್ತಾರೆ. ಬಟ್ಟೆ ಹೊಲಿಯುವ ಕಾರ್ಖಾನೆಗೆ ಇಲ್ಲಿ ಅಷ್ಟೇ ಹೆಸರು. ಮೂರು ವರ್ಷದ ಮಗುವನ್ನು ಹೊರಗಿನಿಂದ ಚಿಲಕ ಹಾಕಿ ಬಿಟ್ಟುಹೋಗುವ ಒಂದು ಮನೆಯನ್ನೂ ಕಂಡೆ. ಅಲ್ಲಿ ಮಕ್ಕಳಿಲ್ಲದ ಶಾಲೆ, ಇಲ್ಲಿ ಶಾಲೆಯಿಲ್ಲದ ಮಕ್ಕಳು. ದೇವರು ನನ್ನನ್ನು ಬಸ್ಸು ಹತ್ತಿಸಿದ್ದು ಯಾತಕ್ಕೆಂದು ಅಂದೇ ತಿಳಿಯಿತು.

ಮಹಾಲಕ್ಷ್ಮಿ ಲೇಔಟಿನ ಒಂದು ಬಾಡಿಗೆ ಹಾಲಿನಲ್ಲಿ ಭಾನುವಾರ ಸೇರುವ ನಮ್ಮ ಪುಟ್ಟ ಸಭೆಯವರ ಮುಂದೆ ವಿಷಯ ಇಟ್ಟೆ. ಹಿರಿಯರಾದ ದೇವದಾಸ ಅಂಕಲ್ ನಮ್ಮ ಕಡೆಯವರೇ. "ಯೇಸುಸ್ವಾಮಿ ಹನ್ನೆರಡು ಮಂದಿಯಿಂದ ಶುರು ಮಾಡಿದ್ದಲ್ಲವಾ? ನೀನೂ ಹನ್ನೆರಡು ಮಕ್ಕಳನ್ನು ಸೇರಿಸು ಮಾರಾಯ್ತಿ. ಬಾಡಿಗೆ ನಾವು ಕೊಡುವ. ದಸರಾದ ಒಳಗೆ ಆಗದಿದ್ದರೆ ಮನೆ ಬಿಟ್ಟುಕೊಡುವ" ಎಂದರು. ನಾವಿದ್ದ ಮನೆಯ ಕೆಳಗಿನ ಮನೆ ಖಾಲಿಯಿತ್ತು, ಅದನ್ನೇ ಹಿಡಿದೆವು. ಕುರ್ಚಿಗಳು ಬಂದವು. ಶಾಲೆಗೆ ನಾನು ಹಾಕಿಕೊಂಡ ನಿಯಮ ಇಷ್ಟೆ: ಯಾರನ್ನೂ ನಮ್ಮ ಧರ್ಮಕ್ಕೆ ಎಳೆಯಬಾರದು, ನಮ್ಮನ್ನು ನಾವು ಬಚ್ಚಿಡಲೂಬಾರದು. ಇನ್ನೊಂದು ಶಾಲೆಗೆ ಬೀಗ ಹಾಕುವ ಶಕ್ತಿ ನನಗಿರಲಿಲ್ಲ.

ಹೀಗಿರುವಾಗ ಮೊದಲ ದಿನವೇ ಹನ್ನೆರಡು ಖಾಲಿ ಕುರ್ಚಿ. ಇವರಿಗೆ ನಾವು ಬೇಡ ಎಂದು ಮನಸ್ಸಿನಲ್ಲೇ ಇಡೀ ಬೀದಿಯನ್ನು ಬೈಯುತ್ತ ಕೂತಿದ್ದೆ. ಆಗ ಎದುರು ಮನೆಯ ಗೌರಮ್ಮ ಮೊಮ್ಮಗಳು ಚೈತ್ರಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದರು.

"ಬೆಳಿಗ್ಗೆ ಕುಂಬಳಕಾಯಿ ಗುಡಿಸ್ಬಿಟ್ರಂತೆ? ಲೇತ್ ಅಂಗ್ಡಿ ಶಿವಣ್ಣ ಬೇಜಾರ್ ಮಾಡ್ಕೊಂಡವ್ನೆ. ಮಿಷಿನ್‌ಗೆ ದೃಷ್ಟಿ ತೆಗೆದು ಒಡೆದಿರೋದು ಕಣ್ ಮಿಸ್ ಅದು. ಪ್ರತಿ ಅಮಾಸೆಗೂ ಒಡೀತಾನೆ."

"ನಮ್ಮ ಗೇಟಿನ ಎದುರಿಗೆ ಯಾಕೆ ಒಡೆದದ್ದು?"

"ಅಲ್ಲೇ ಅಲ್ವಾ ಮೂರ್ ದಾರಿ ಸೇರೋದು! ನಿಮ್ ಗೇಟು ಬಂದಿದ್ದು ಈಗ. ಅವ್ನು ಒಡೀತಿರೋದು ಎಂಟ್ ವರ್ಷದಿಂದ."

"ಮಕ್ಕಳು ಯಾಕೆ ಬರಲಿಲ್ಲ?"

ಗೌರಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇವತ್ತು ಅಮಾಸೆ. ಅದೂ ಮಂಗಳವಾರ. ನಾಳೆಯಿಂದ ಆಷಾಢ. ಇಂಥ ದಿನ ಯಾರ್ ಮಿಸ್ ಮಗೂನ ಮೊದಲ್ನೇ ಸಲ ಸ್ಕೂಲಿಗೆ ಕಳ್ಸ್ತಾರೆ? ಪುಸ್ತಕ ಓದ್ದಂಗೆ ಮಾತಾಡ್ತೀರ, ಒಂದ್ ಕ್ಯಾಲೆಂಡರ್ ನೋಡ್ಬಾರ್ದಾ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮೂರಲ್ಲಿ ಮಳೆ ಹಿಡಿದರೆ ಶಾಲೆ ಶುರು; ಕೊಡೆ ಬಿಚ್ಚಿದ್ದೇ ಮುಹೂರ್ತ. ಒಂದು ದಿನವನ್ನು ಆರಿಸುವ ಮೊದಲು ಅದು ಬೇರೆಯವರಿಗೆ ಎಂಥ ದಿನ ಎಂದು ಕೇಳುವುದು ನಮ್ಮ ಸಭೆಯ ಒಬ್ಬರಿಗೂ ಹೊಳೆದಿರಲಿಲ್ಲ. ತಪ್ಪು ನನ್ನದಾಗಿತ್ತು, ಬೈಸಿಕೊಂಡದ್ದು ಬೀದಿ. ನನಗೆ ನಾಚಿಕೆಯಾಯಿತು. ಸಂಜೆ ಶಿವಣ್ಣನ ಅಂಗಡಿಗೆ ಹೋಗಿ ಕ್ಷಮೆ ಕೇಳಿದೆ. "ಅಯ್ಯೋ, ಬಿಡಿ ಮಿಸ್, ರೋಡ್ ಕ್ಲೀನಾಯ್ತಲ್ಲ" ಎಂದು ನಕ್ಕು, ಗೋಡೆಯಲ್ಲಿದ್ದ ಪಂಚಾಂಗದ ಕ್ಯಾಲೆಂಡರನ್ನೇ ಕಿತ್ತು ನನ್ನ ಕೈಗೆ ಕೊಟ್ಟ.

ಆದರೆ ನಿಜವಾದ ಪ್ರಶ್ನೆಯನ್ನು ಗೌರಮ್ಮ ಹೊರಡುವಾಗ ಕೇಳಿದ್ದರು. "ನಿಮ್ ಸ್ಕೂಲಿಗೆ ಬಂದ್ರೆ ಮಕ್ಳುನ್ನ ನಿಮ್ಮೋರ್ ಮಾಡ್ಕೊಂಡ್‌ಬಿಡ್ತೀರಂತೆ, ಹೌದಾ?"

"ಇಲ್ಲ. ಬೆಳಿಗ್ಗೆ ನಾನು ಪ್ರಾರ್ಥನೆ ಮಾಡ್ತೇನೆ, ಅದನ್ನು ಮುಚ್ಚಿಡುವುದಿಲ್ಲ. ಮಕ್ಕಳು ಸುಮ್ಮನೆ ನಿಂತರೆ ಸಾಕು. ನಂಬಿಕೆ ಇಲ್ಲದಿದ್ದರೆ ನೀವೇ ಬಂದು ಕೂತು ನೋಡಿ."

"ಬರ್ತೀನಿ" ಎಂದರು. ಬಾಯಿಮಾತಿಗೆ ಅಂದರೇನೋ ಎಂದುಕೊಂಡಿದ್ದೆ. ಮರುದಿನ ಎಂಟಕ್ಕೆಲ್ಲ ಸೊಪ್ಪಿನ ಬುಟ್ಟಿ ಹಿಡಿದು ಹಾಜರ್! ಬಾಗಿಲಿನ ಮೆಟ್ಟಿಲ ಮೇಲೆ ಕೂತು, ಒಂದು ಪುಟ್ಟ ಕುರ್ಚಿ ಎಳೆದು ಅದರ ಮೇಲೆ ಬುಟ್ಟಿ ಇಟ್ಟು, ಸೊಪ್ಪು ಬಿಡಿಸುತ್ತ ಮೊದಲು ನನ್ನ ಪ್ರಾರ್ಥನೆಯನ್ನು, ಮಕ್ಕಳು ಬರತೊಡಗಿದ ಮೇಲೆ ನನ್ನ ಪ್ರತಿ ಮಾತನ್ನೂ ಕೇಳಿಸಿಕೊಂಡರು. ಊರಿನ ಶಾಲೆಗೆ ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರು ಬರುತ್ತಿದ್ದರು, ಇಲ್ಲಿ ದಿನಾ.

ಆ ಆಷಾಢದಲ್ಲೇ ನಾಲ್ಕು ಮಕ್ಕಳು ಬಂದರು. "ಆಷಾಢ ಅಂತ ಕೂತ್ರೆ ಫ್ಯಾಕ್ಟ್ರಿ ಬಸ್ಸು ಕಾಯಲ್ಲ ಮಿಸ್" ಎಂದಳು ಒಬ್ಬ ತಾಯಿ. ಅವಳಿಗಾಗಿ ಒಂಬತ್ತಕ್ಕಿದ್ದ ಶಾಲೆಯ ಹೊತ್ತನ್ನು ಎಂಟು ಗಂಟೆಗೆ ತಂದೆ. ಶ್ರಾವಣದಲ್ಲಿ ಏಳು ಮಕ್ಕಳು ಸೇರಿದರು. ಬೀದಿಯಲ್ಲಿ ಗೌರಮ್ಮ ಏನು ವರದಿ ಕೊಟ್ಟರೋ ದೇವರೇ ಬಲ್ಲ. ಹನ್ನೊಂದಾಯಿತು. ಅಲ್ಲಿಗೆ ನಿಂತುಬಿಟ್ಟಿತು. ನವರಾತ್ರಿ ಬಂತು. ಹನ್ನೆರಡನೆಯ ಕುರ್ಚಿಯ ಮೇಲೆ ಸೊಪ್ಪಿನ ಬುಟ್ಟಿಯೇ ಕೂತಿತ್ತು.

ಕೊನೆಗೆ ಬಾಯಿಬಿಟ್ಟು ಕೇಳಿದೆ, "ಚೈತ್ರಾಳನ್ನು ಸೇರಿಸಬಾರದಾ ಗೌರಮ್ಮ?"

"ವಿಜಯದಶಮಿಗೆ ಅಕ್ಕಿ ಮೇಲೆ ಬರ್ಸ್ದೆ ಸ್ಲೇಟ್ ಮುಟ್ಟಿಸಲ್ಲ. ನಮ್ಮನೇಲಿ ಹಂಗೇ ನಡ್ಕೊಂಡ್ ಬಂದಿರೋದು. ಅವತ್ತು ಬಾಗಿಲು ತೆಗೀರಿ, ಕರ್ಕೊಂಡ್ ಬರ್ತೀನಿ. ಕೈ ಹಿಡಿದು ಬರ್ಸೋದು ಮಾತ್ರ ಗುರುಗಳೇ ಆಗ್ಬೇಕು."

ನಿದ್ದೆಗೆಟ್ಟು ಯೋಚಿಸಿದೆ. ನನ್ನ ನಂಬಿಕೆಯಲ್ಲದ ಶಾಸ್ತ್ರವನ್ನು ನನ್ನ ಕೈಯಿಂದ ಮಾಡಿದರೆ ನಾನು ಸುಳ್ಳುಗಾತಿ. ಬೇಡವೆಂದರೆ ಶಾಲೆಯೇ ಇಲ್ಲ. ಮಗು ಬೇಕೆಂದು ಮುಖ ಬದಲಿಸುವುದೂ ಎಳೆಯುವುದರ ಇನ್ನೊಂದು ಬಗೆಯೇ ಅಲ್ಲವೇ?

ವಿಜಯದಶಮಿಯ ಬೆಳಿಗ್ಗೆ ಗೌರಮ್ಮ ಅಕ್ಕಿ ಹರಡಿದ ತಟ್ಟೆಯೊಂದಿಗೆ ಬಂದರು. ಮಕ್ಕಳ ಲೆಕ್ಕ ನೋಡಲು ದೇವದಾಸ ಅಂಕಲ್ ಕೂಡ ಬಂದಿದ್ದರು. ಅವರ ಹುಬ್ಬು ಮೇಲೇರಿತು. "ಎಂತ ಇದು?"

ಇದ್ದದ್ದನ್ನು ಇಬ್ಬರ ಎದುರೇ ಹೇಳಿದೆ. "ಗೌರಮ್ಮ, ಪೂಜೆಯ ಅಕ್ಷರ ನನ್ನ ಕೈಯಲ್ಲಿ ಬರುವುದಿಲ್ಲ. ಬರೆಸಿದರೆ ನಾಟಕವಾಗ್ತದೆ. ಓದುವ ಅಕ್ಷರ ಬೇಕಾದರೆ ಪ್ರಾಣ ಕೊಟ್ಟು ಕಲಿಸ್ತೇನೆ."

ಗೌರಮ್ಮ ತಟ್ಟೆ ಹಿಡಿದು ಹೊರಟುಬಿಡುತ್ತಾರೆ, ಮುಗಿಯಿತು ಎಂದುಕೊಂಡೆ.

"ಮೂರ್ ತಿಂಗಳು ಕೂತು ನೋಡಿದೀನಿ ಮಿಸ್. ನೀವು ಹೂಂ ಅಂದಿದ್ರೇ ನಂಗೆ ಅನುಮಾನ ಬರ್ತಿತ್ತು" ಎಂದರು. ನೆಲದ ಮೇಲೆ ಕೂತು, ಮೊಮ್ಮಗಳ ಬೆರಳು ಹಿಡಿದು ತಾವೇ 'ಶ್ರೀ' ಬರೆಸಿದರು. ಆಮೇಲೆ ಆ ಪುಟ್ಟ ಕೈಯನ್ನು ನನ್ನ ಕೈಗೆ ಕೊಟ್ಟರು. ಅದೇ ಅಕ್ಕಿಯಲ್ಲಿ, ಅದರ ಪಕ್ಕದಲ್ಲೇ ನಾನು 'ಅ' ಬರೆಸಿದೆ. ನನ್ನ ಕಣ್ಣು ತುಂಬಿತ್ತು.

ಗೌರಮ್ಮ ಎದ್ದು ಸೊಪ್ಪಿನ ಬುಟ್ಟಿಯನ್ನು ಕುರ್ಚಿಯಿಂದ ಕೆಳಗಿಳಿಸಿದರು. ಚೈತ್ರಾ ಹತ್ತಿ ಕೂತಳು. ದೇವದಾಸ ಅಂಕಲ್ ಕನ್ನಡಕ ಒರೆಸಿಕೊಂಡು, "ಹನ್ನೆರಡು" ಎಂದಷ್ಟೇ ಹೇಳಿದರು.

ಇದೆಲ್ಲ ಆಗಿ ಎರಡು ವರ್ಷವಾಯಿತು. ಈಗ ಮೂವತ್ತೊಂದು ಮಕ್ಕಳು. ಗೋಡೆಯ ಮೇಲೆ ಸಭೆಯ ಕ್ಯಾಲೆಂಡರೂ ಇದೆ, ಶಿವಣ್ಣ ವರ್ಷವರ್ಷವೂ ಕೊಡುವ ಪಂಚಾಂಗವೂ ಇದೆ. ಈ ಬೇಸಿಗೆಯಲ್ಲಿ ಊರಿಗೆ ಬಂದಾಗ ನಮ್ಮ ಹಳೆಯ ಶಾಲೆಯ ಕಿಟಕಿಯಿಂದ ಒಳಗೆ ಇಣುಕಿದೆ. ಬೆಂಚುಗಳು ಹಾಗೇ ಇವೆ. ಕರಿಹಲಗೆಯ ಮೂಲೆಯಲ್ಲಿ ನನ್ನ ಅಕ್ಷರ ಇನ್ನೂ ಮಾಸಿಲ್ಲ: ಹಾಜರಿ ಮೂರು. ಮಾವಿನ ಮರದ ಕೆಳಗೆ ಕೂತು ಮನಸಾರೆ ಅತ್ತೆ. ನಿಮ್ಮಲ್ಲಿ ಯಾರೋ, "ಅಲ್ಲಿ ಸಾಕು, ವಾಪಸು ಬಾ" ಎಂದಿರಿ. ಬರಬೇಕು ಎಂದು ನನಗೂ ಅನ್ನಿಸಿತ್ತು, ಸುಳ್ಳು ಹೇಳುವುದಿಲ್ಲ.

ರಾತ್ರಿ ಬಸ್ಸು ಹತ್ತಿ, ಮರುದಿನ ಬೆಳಿಗ್ಗೆ ಇಲ್ಲಿ ಇಳಿದು ನೇರ ಶಾಲೆಗೆ ಬಂದೆ. ಗೇಟಿನ ಎದುರು ಬೂದುಗುಂಬಳಕಾಯಿ ಒಡೆದು ಬಿದ್ದಿತ್ತು, ಒಳಗೆಲ್ಲ ಕೆಂಪು. ಓ, ಅಮಾವಾಸ್ಯೆ, ಎಂದುಕೊಂಡು ಸೀರೆಯ ನೆರಿಗೆ ಎತ್ತಿ ಹಿಡಿದು, ಅದನ್ನು ಬಳಸಿ ನಡೆದು, ಬೀಗ ತೆಗೆದೆ.